ಇಲ್ಲಿ ಏನಿದೆ ಅಂತ ಕೇಳುವವರಿಗೆ

ಎಲ್ಲರಿಗೂ ನಮಸ್ಕಾರ. ನಮ್ಮ ಕೂಟದ ಪತ್ರಿಕೆಯ ಗಣೇಶ ಹಬ್ಬದ ಸಂಚಿಕೆ ನಿಮ್ಮ ಕೈಯಲ್ಲಿದೆ.

ಶಿಕಾಗೋದಿಂದ ನೆಂಟರು ಬಂದಾಗ ನಾವೆಲ್ಲ ಕೇಳಿರುವ ಮಾತೊಂದಿದೆ. "ಎರಡು ಗಂಟೆ ಡ್ರೈವ್ ಮಾಡಿದ್ವಿ. ಆ ಕಡೆ ಜೋಳ, ಈ ಕಡೆ ಜೋಳ. ನೀವು ಇಲ್ಲಿ ಹೇಗಪ್ಪಾ ಇರ್ತೀರಾ?" ನಾವೂ ನಗುತ್ತೇವೆ, ಕಾಫಿ ಕೊಡುತ್ತೇವೆ. ಮುಂದಿನ ವಾರ ತರಕಾರಿ ತರುವ ನೆಪದಲ್ಲಿ ನಾವೇ ಶಿಕಾಗೋಗೆ ಹೊರಟುಬಿಡುತ್ತೇವೆ. ಅಮೆರಿಕದ ಇಲಿನಾಯ್ ರಾಜ್ಯದ ಈ ಮೆಕ್ಲೇನ್ ಕೌಂಟಿಯಲ್ಲಿ (ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ) ವರ್ಷಗಟ್ಟಲೆ ಇದ್ದು, ಮನೆ ಕೊಂಡು, ಮಕ್ಕಳನ್ನು ಓದಿಸಿ, ಈ ನೆಲದ ಬಗ್ಗೆ ನಾಲ್ಕು ಮಾತು ಹೇಳಲಾಗದವರು ನಮ್ಮಲ್ಲಿ ಜಾಸ್ತಿ. ಹೊಲ ಬೇರೆ, ನಾವು ಬೇರೆ ಅಂದುಕೊಂಡಿದ್ದೇವೆ. ಹಾಗೇನೂ ಇಲ್ಲ ಅನ್ನುವುದೇ ಈ ಸಲದ ನನ್ನ ಮಾತು.

ವಿಸ್ತೀರ್ಣದಲ್ಲಿ ಇಲಿನಾಯ್ ರಾಜ್ಯದ ಅತಿ ದೊಡ್ಡ ಕೌಂಟಿ ನಮ್ಮದು. ಸುಮಾರು 1,180 ಚದರ ಮೈಲಿ. ಕೊಡಗು ಜಿಲ್ಲೆಯ ಮುಕ್ಕಾಲು ಪಾಲು ಅನ್ನಿ. 2020ರ ಜನಗಣತಿಯ ಪ್ರಕಾರ 1,70,954 ಜನ. ಅವರಲ್ಲಿ ಮುಕ್ಕಾಲು ಮಂದಿ ಬ್ಲೂಮಿಂಗ್ಟನ್, ನಾರ್ಮಲ್ ಎಂಬ ಜೋಡಿ ಊರುಗಳಲ್ಲೇ ಇದ್ದಾರೆ. ಉಳಿದದ್ದೆಲ್ಲ ಮೆಕ್ಕೆಜೋಳ ಮತ್ತು ಸೋಯಾ. ಮಧ್ಯೆ ಮಧ್ಯೆ ಚಿಕ್ಕ ಊರುಗಳು. ಊರು ಬರುವ ಎಷ್ಟೋ ಮೊದಲೇ ಕಾಳು ತುಂಬಿಡುವ ಎಲಿವೇಟರ್ ಕಾಣಿಸುತ್ತದೆ.

ಮೆಕ್ಕೆಜೋಳ ಬೆಳೆಯುವುದರಲ್ಲಿ ಎಷ್ಟೋ ವರ್ಷ ಇಡೀ ಅಮೆರಿಕಕ್ಕೇ ಮೊದಲ ಸ್ಥಾನ ಈ ಕೌಂಟಿಯದು. ಎಕರೆಗೆ 200 ಬುಶೆಲ್ ದಾಟುವುದು ಈಗ ಮಾಮೂಲಿ. ನಮ್ಮ ಲೆಕ್ಕದಲ್ಲಿ ಅದು ಎಕರೆಗೆ ಸುಮಾರು 50 ಕ್ವಿಂಟಾಲ್. ದಾವಣಗೆರೆ, ಹಾವೇರಿ ಕಡೆಯವರು ಈ ಸಂಖ್ಯೆ ಕೇಳಿ ಇನ್ನೊಮ್ಮೆ ಹೇಳಿ ಅನ್ನುತ್ತಾರೆ. ಅದೂ ನೀರಾವರಿ ಇಲ್ಲದೆ, ಬರೀ ಮಳೆ ನಂಬಿ.

ಇದು ಹೇಗೆ ಅಂದರೆ ಮಣ್ಣು. ಇಪ್ಪತ್ತು ಸಾವಿರ ವರ್ಷಗಳ ಹಿಂದೆ ಇಲ್ಲಿ ದಪ್ಪ ಹಿಮದ ಹಾಸು ಇತ್ತು. ಅದು ಹಿಂದೆ ಸರಿಯುವಾಗ ತಂದ ಕಲ್ಲು ಮಣ್ಣನ್ನೆಲ್ಲ ಉದ್ದುದ್ದ ದಿಬ್ಬಗಳಾಗಿ ಬಿಟ್ಟುಹೋಯಿತು. ಬ್ಲೂಮಿಂಗ್ಟನ್ ಊರಿನ ಹೆಸರಿನದೇ ಒಂದು ದಿಬ್ಬ ಕೌಂಟಿಯನ್ನು ಹಾದುಹೋಗುತ್ತದೆ. ನಮಗೆ ಎಲ್ಲವೂ ಚಪ್ಪಟೆ ಅನಿಸುವುದರಿಂದ ಅದನ್ನು ದಿಬ್ಬ ಅಂತ ಒಪ್ಪುವುದೇ ಕಷ್ಟ. ಆದರೆ ಗಾಳಿಗೆ ಅದು ಗೊತ್ತು. ಎಲ್ಸ್‌ವರ್ತ್, ಆರೋಸ್ಮಿತ್ ಕಡೆ ಕಾಣುವ ಟ್ವಿನ್ ಗ್ರೋವ್ಸ್‌ನ 240 ಗಾಳಿಯಂತ್ರಗಳು ನಿಂತಿರುವುದು ಅಂಥ ಎತ್ತರದ ನೆಲದಲ್ಲೇ. ಹಿಮ ಹೋದ ಮೇಲೆ ನದಿಬಯಲುಗಳಿಂದ ಗಾಳಿ ನುಣ್ಣನೆ ಧೂಳು ತಂದು ಹರಡಿತು. ಅದರ ಮೇಲೆ ಹುಲ್ಲು ಬೆಳೆಯಿತು. ಆಳೆತ್ತರಕ್ಕೂ ಮೀರಿ ಬೆಳೆಯುವ ಹುಲ್ಲು. ಬೇರು ಅದಕ್ಕಿಂತ ಆಳ. ಸಾವಿರಾರು ವರ್ಷ ಆ ಬೇರುಗಳು ಸತ್ತು ಕೊಳೆತು, ಮತ್ತೆ ಹುಟ್ಟಿ ಮತ್ತೆ ಕೊಳೆತು ಈ ಕಪ್ಪು ಬಂತು. ನಮ್ಮ ಉತ್ತರ ಕರ್ನಾಟಕದ ಎರೆಮಣ್ಣಿನ ಕಥೆ ಬೇರೆ, ಅದು ಕಪ್ಪು ಬಂಡೆ ಸವೆದು ಆದದ್ದು. ಇಲ್ಲಿಯದು ಹುಲ್ಲಿನ ಕೆಲಸ. ಡ್ರಮ್ಮರ್ ಎಂಬ ಮಣ್ಣು ಇಲಿನಾಯ್‌ನ ಅಧಿಕೃತ ರಾಜ್ಯ ಮಣ್ಣು ಅಂದರೆ ನಂಬುತ್ತೀರಾ? ರಾಜ್ಯ ಪಕ್ಷಿ, ರಾಜ್ಯ ಪುಷ್ಪ ಇದ್ದ ಹಾಗೆ ರಾಜ್ಯ ಮಣ್ಣು! ನನಗಂತೂ ಇದು ಬಹಳ ಇಷ್ಟವಾದ ಸಂಗತಿ.

ಆದರೆ ಈ ಮಣ್ಣು ಮೊದಮೊದಲು ಯಾರಿಗೂ ಬೇಡವಾಗಿತ್ತು. 1820ರ ದಶಕದಲ್ಲಿ ಬಂದ ವಲಸಿಗರು ಬಯಲು ಬಿಟ್ಟು ಮರದ ತೋಪುಗಳ ಅಂಚಿನಲ್ಲಿ ಮನೆ ಕಟ್ಟಿದರು. ಮರ ಬೆಳೆಯದ ನೆಲದಲ್ಲಿ ಬೆಳೆ ಏನು ಬಂದೀತು ಅಂತ ಅವರ ಅನುಮಾನ. ಹುಲ್ಲಿನ ಬೇರು ನೇಗಿಲಿಗೆ ಬಗ್ಗುತ್ತಿರಲಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ ನೀರು. ಸಮತಟ್ಟಾದ ಜಾಗ, ಹರಿಯಲು ದಾರಿಯಿಲ್ಲ. ವಸಂತದಲ್ಲಿ ಬಯಲೆಲ್ಲ ಜವುಗು, ಬೇಸಿಗೆಯಲ್ಲಿ ಸೊಳ್ಳೆ, ಸೊಳ್ಳೆಯಿಂದ ಚಳಿಜ್ವರ. ಹೌದು, ಇಲಿನಾಯ್‌ನಲ್ಲಿ ಮಲೇರಿಯಾ ಇತ್ತು!

ಅದಕ್ಕೂ ಮೊದಲು ಇದು ಕಿಕಪೂ ಜನರ ನೆಲ. ಈಗಿನ ಲೀರಾಯ್ ಊರಿನ ಆಚೆ ಅವರ ದೊಡ್ಡ ಹಳ್ಳಿ ಇತ್ತು. 1819ರಲ್ಲಿ ಎಡ್ವರ್ಡ್ಸ್‌ವಿಲ್‌ನಲ್ಲಿ ಆದ ಒಪ್ಪಂದದಲ್ಲಿ ಇಲಿನಾಯ್‌ನ ನೆಲವನ್ನು ಅವರಿಂದ ಬರೆಸಿಕೊಂಡರು. 1830ರ ದಶಕದ ಹೊತ್ತಿಗೆ ಅವರನ್ನು ಪಶ್ಚಿಮಕ್ಕೆ ಸಾಗಹಾಕಿ ಆಗಿತ್ತು. ಅವರ ಮುಂದಿನ ತಲೆಮಾರುಗಳು ಇಂದು ಕ್ಯಾನ್ಸಸ್, ಒಕ್ಲಹೋಮಾ, ಟೆಕ್ಸಸ್‌ಗಳಲ್ಲಿವೆ. ಇಲ್ಲಿ ಉಳಿದದ್ದು ಕಿಕಪೂ ಕ್ರೀಕ್ ಎಂಬ ಹೊಳೆಯ ಹೆಸರು, ಹಳ್ಳಿ ಇದ್ದ ಜಾಗದ ಹತ್ತಿರ ಒಂದು ಪಾರ್ಕು. ಕೌಂಟಿ ಹುಟ್ಟಿದ್ದು 1830ರ ಡಿಸೆಂಬರ್ 25ರಂದು. ಒಂದು ಕಡೆ ಜನ ಖಾಲಿಯಾಗುತ್ತಿದ್ದಾಗಲೇ ಇನ್ನೊಂದು ಕಡೆ ಗೆರೆ ಎಳೆಯುತ್ತಿದ್ದರು ಅನ್ನಬೇಕು.

ಗೆರೆ ಅಂದರೆ ನಿಜಕ್ಕೂ ಗೆರೆಯೇ. ಕೌಂಟಿ ರಸ್ತೆಗಳ ಹೆಸರು ಗಮನಿಸಿದ್ದೀರಾ? 1200 ನಾರ್ತ್ ರೋಡ್, 2100 ಈಸ್ಟ್ ರೋಡ್. ಸರ್ವೆಯವರು ನೆಲವನ್ನು ಮೈಲಿಗೊಂದರಂತೆ ಚೌಕಗಳಾಗಿ ಕತ್ತರಿಸಿದರು. ಒಂದು ಚೌಕ 640 ಎಕರೆ, ಅದರ ಕಾಲು ಭಾಗ 160 ಎಕರೆ. ರಸ್ತೆ ಸಂಖ್ಯೆ ನೂರು ಹೆಚ್ಚಾದರೆ ನೀವು ಒಂದು ಮೈಲಿ ಮುಂದೆ ಬಂದಿರಿ ಅಂತ ಅರ್ಥ. ಫೋನಿನಲ್ಲಿ ಸಿಗ್ನಲ್ ಹೋದರೂ ಈ ಲೆಕ್ಕ ಗೊತ್ತಿದ್ದರೆ ದಾರಿ ತಪ್ಪುವುದಿಲ್ಲ.

ಜವುಗು ನೆಲ ಜೋಳದ ಕಣಜ ಆದದ್ದು ಹೇಗೆ ಅನ್ನುವುದೇ ನನಗೆ ಈ ಕೌಂಟಿಯ ಅತಿ ದೊಡ್ಡ ಕಥೆ. ಅದು ಕಣ್ಣಿಗೆ ಕಾಣುವುದಿಲ್ಲ, ಏಕೆಂದರೆ ಮೂರು ನಾಲ್ಕು ಅಡಿ ಕೆಳಗಿದೆ. ಹೊಲದ ಅಡಿಯಲ್ಲಿ ಕೊಳವೆಗಳಿವೆ. ಇಲ್ಲಿಯವರು ಅದನ್ನು ಟೈಲ್ ಅನ್ನುತ್ತಾರೆ. ಮೊದಲು ಸುಟ್ಟ ಮಣ್ಣಿನ ಕೊಳವೆ, ಒಂದೊಂದೂ ಅಡಿಯುದ್ದ. ಸನಿಕೆಯಲ್ಲಿ ಕೈಯಿಂದಲೇ ಕಾಲುವೆ ತೋಡಿ, ಒಂದರ ಬಾಯಿಗೆ ಇನ್ನೊಂದನ್ನು ಇಡುತ್ತಾ ಹೋಗಬೇಕು. ಸಂದಿನಲ್ಲಿ ನೀರು ಇಳಿಯುತ್ತದೆ, ಇಳಿಜಾರಿಗೆ ಹರಿಯುತ್ತದೆ. ನನ್ನ ಹೊಲದ ನೀರು ನಿನ್ನ ಹೊಲಕ್ಕೆ ಬಂದರೆ ಜಗಳ ತಾನೇ? ಅದಕ್ಕೆ 1879ರಲ್ಲಿ ರಾಜ್ಯ ಕಾನೂನು ಮಾಡಿತು. ರೈತರು ಸೇರಿ ಡ್ರೈನೇಜ್ ಡಿಸ್ಟ್ರಿಕ್ಟ್ ಕಟ್ಟಿಕೊಳ್ಳಬಹುದು, ದೊಡ್ಡ ಕಾಲುವೆ ತೆಗೆಸಬಹುದು, ಖರ್ಚನ್ನು ಜಮೀನಿನ ಮೇಲೆ ಹಂಚಬಹುದು. ಆ ಡಿಸ್ಟ್ರಿಕ್ಟುಗಳು ಇಂದಿಗೂ ಇವೆ, ಇಂದಿಗೂ ವಂತಿಗೆ ಎತ್ತುತ್ತವೆ.

ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಡಕೆ ತೋಟದಲ್ಲಿ ಬಸಿಗಾಲುವೆ ತೆಗೆಯುವುದು ಇದೇ ಕೆಲಸಕ್ಕೆ. ಅಲ್ಲಿ ಕಾಲುವೆ ತೆರೆದಿರುತ್ತದೆ, ಇಲ್ಲಿ ಮಣ್ಣು ಮುಚ್ಚಿದೆ, ಅಷ್ಟೇ. ಏಪ್ರಿಲ್‌ನಲ್ಲಿ ಜೋರು ಮಳೆ ಬಂದ ಮರುದಿನ ಊರಾಚೆ ಹೋಗಿ, ದೊಡ್ಡ ಕಾಲುವೆಯ ಸೇತುವೆ ಹತ್ತಿರ ಕಾರು ನಿಲ್ಲಿಸಿ ಇಣುಕಿ ನೋಡಿ. ದಡದ ಹುಲ್ಲಿನ ನಡುವೆ ಒಂದು ಕೊಳವೆಯ ಬಾಯಿ ಹೊರಬಂದಿರುತ್ತದೆ. ಇಲಿ ಹೆಗ್ಗಣ ಒಳಗೆ ನುಗ್ಗದ ಹಾಗೆ ಬಾಯಿಗೆ ಸರಳು. ಮಳೆ ನಿಂತು ಬಿಸಿಲು ಬಿದ್ದಿದ್ದರೂ ತೋಳಿನಷ್ಟು ದಪ್ಪಕ್ಕೆ ನೀರು ಸುರಿಯುತ್ತಲೇ ಇರುತ್ತದೆ. ಕೆಸರಿಲ್ಲ, ಗಾಜಿನಂಥ ತಿಳಿನೀರು. ಈಗ ಮಣ್ಣಿನ ಟೈಲ್ ಹೋಗಿ ತೂತು ಕೊರೆದ ಕಪ್ಪು ಪ್ಲಾಸ್ಟಿಕ್ ಪೈಪು ಬಂದಿದೆ. ಸುರುಳಿ ಸುರುಳಿಯಾಗಿ ಲಾರಿಯಲ್ಲಿ ತರುತ್ತಾರೆ. ಜಿಪಿಎಸ್ ಇರುವ ಯಂತ್ರ ನೆಲ ಸೀಳಿಕೊಂಡು ಹೂತು ಹಾಕುತ್ತಾ ಹೋಗುತ್ತದೆ.

ತೋಪಿನ ಅಂಚಿನಲ್ಲಿ ನೆಲೆಸಿದವರಲ್ಲಿ ಫಂಕ್ ಮನೆತನದವರನ್ನು ಬಿಟ್ಟು ಈ ಕೌಂಟಿಯ ಮಾತಾಡುವ ಹಾಗಿಲ್ಲ. ಐಸಾಕ್ ಫಂಕ್ 1824ರಲ್ಲಿ ಬಂದ. ಜವುಗು ಬಯಲಿನಲ್ಲಿ ದನ ಮೇಯಿಸಿದ, ಹಿಂಡುಗಳನ್ನು ನಡೆಸಿಕೊಂಡೇ ಶಿಕಾಗೋ ಪೇಟೆಗೆ ಹೊಡೆದ. 1865ರಲ್ಲಿ ತೀರಿಕೊಂಡಾಗ ಅವನ ಹೆಸರಿನಲ್ಲಿ 25,000 ಎಕರೆ ಇತ್ತು. 1853ರಲ್ಲಿ ರೈಲು ಬಂದ ಮೇಲೆ ದನ ನಡೆಯುವುದು ತಪ್ಪಿತು, ಕಾಳು ಸಾಗಿಸುವುದು ಶುರುವಾಯಿತು. ಫಂಕ್ಸ್ ಗ್ರೋವ್‌ನ ಮೇಪಲ್ ಪಾಕ ನಿಮಗೆ ಗೊತ್ತೇ ಇದೆ, ದೋಸೆಗೆ ಹಾಕಿಕೊಂಡು ತಿನ್ನುವ ಮಕ್ಕಳು ನಮ್ಮ ಕೂಟದಲ್ಲೇ ಇದ್ದಾರೆ. 1891ರಿಂದ ಅದರ ವ್ಯಾಪಾರ. ಆದರೆ ಜಗತ್ತಿಗೆ ಆ ಮನೆತನ ಕೊಟ್ಟದ್ದು ಪಾಕಕ್ಕಿಂತ ಹೆಚ್ಚಾಗಿ ಬೀಜ. ಐಸಾಕನ ಮೊಮ್ಮಗ ಯೂಜೀನ್ ಫಂಕ್ 1901ರಲ್ಲಿ ಬ್ಲೂಮಿಂಗ್ಟನ್‌ನಲ್ಲಿ ಬೀಜದ ಕಂಪನಿ ಕಟ್ಟಿದ. ಹೈಬ್ರಿಡ್ ಮೆಕ್ಕೆಜೋಳವನ್ನು ಪ್ರಯೋಗದಿಂದ ರೈತರ ಹೊಲಕ್ಕೆ ತಂದ ಮೊದಲಿಗರಲ್ಲಿ ಆ ಕಂಪನಿಯೂ ಒಂದು. ಹೈಬ್ರಿಡ್ ಬರುವ ಮೊದಲು ಎಕರೆಗೆ 40 ಬುಶೆಲ್ ಬಂದರೆ ಒಳ್ಳೆಯ ಬೆಳೆ. ಈಗ ಅದರ ಐದು ಪಟ್ಟು. ಇದರಲ್ಲಿ ಗೊಬ್ಬರ, ಯಂತ್ರಗಳ ಪಾಲೂ ಇದೆ ಅನ್ನಿ. ನಮ್ಮ ರಾಣೆಬೆನ್ನೂರು ಕಡೆ ಹೈಬ್ರಿಡ್ ಬೀಜ ಬಿತ್ತುವ ರೈತ ಹಿಡಿದಿರುವ ಚೀಲದ ಹಿಂದೆಯೂ ಇಂಥ ಹೊಲಗಳ ಕೆಲಸ ಇದೆ.

ಹೈಬ್ರಿಡ್ ಬೀಜ ಮಾಡುವುದು ಹೇಗೆ ಅಂತ ನಮ್ಮ ಹೈಸ್ಕೂಲ್ ಮಕ್ಕಳನ್ನು ಕೇಳಿ, ಒಂದಿಬ್ಬರು ಆ ಕೆಲಸ ಮಾಡಿದ್ದಾರೆ. ಎರಡು ತಳಿಯನ್ನು ಪಕ್ಕಪಕ್ಕದ ಸಾಲುಗಳಲ್ಲಿ ಬಿತ್ತುತ್ತಾರೆ. ಹೆಣ್ಣು ಸಾಲಿನ ಗಿಡಗಳ ತುದಿಯ ಸೂಲಂಗಿಯನ್ನು, ಅಂದರೆ ಗಂಡು ಹೂವಿನ ಗೊಂಚಲನ್ನು, ಪರಾಗ ಉದುರುವ ಮೊದಲೇ ಕಿತ್ತುಹಾಕಬೇಕು, ಆಗ ಗಂಡು ಸಾಲಿನ ಪರಾಗ ಮಾತ್ರ ಬೀಳುತ್ತದೆ. ಹೆಚ್ಚಿನದನ್ನು ಯಂತ್ರ ಕೀಳುತ್ತದೆ, ತಪ್ಪಿಸಿಕೊಂಡದ್ದನ್ನು ಕೈಯಿಂದ ಕೀಳಬೇಕು. ಜುಲೈ ತಿಂಗಳ ಕೆಲಸ. ಬೆಳಗಿನ ಜಾವ ಬಸ್ಸು ಹತ್ತಿಸಿಕೊಂಡು ಹೋಗುತ್ತಾರೆ. ಇಬ್ಬನಿಯಲ್ಲಿ ಮೈಯೆಲ್ಲ ಒದ್ದೆ, ಹತ್ತು ಗಂಟೆ ಮೇಲೆ ಬಿಸಿಲಿಗೆ ಮೈಯೆಲ್ಲ ಬೆವರು. ಜೋಳದ ಗರಿ ತಾಗಿ ತೋಳಿನಲ್ಲಿ ಕೆಂಪು ಗೀರು. ಇಲ್ಲಿನ ಹಳಬರಲ್ಲಿ ಮೊದಲ ಸಂಬಳ ಇದರಿಂದಲೇ ಗಳಿಸಿದವರು ಎಷ್ಟೋ ಜನ. "ನಮ್ಮ ಮಗಳು ಯಾಕೆ ಬಿಸಿಲಲ್ಲಿ ಕೂಲಿ ಮಾಡಬೇಕು" ಅಂತ ಮುಖ ಗಂಟು ಹಾಕಿಕೊಂಡ ಅಮ್ಮಂದಿರೂ ನಮ್ಮಲ್ಲಿದ್ದಾರೆ. ನನ್ನ ಕೇಳಿದರೆ ಒಂದು ಬೇಸಿಗೆ ಮಾಡಲಿ ಬಿಡಿ. ಕೋಡಿಂಗ್ ಕ್ಯಾಂಪು ಎಲ್ಲಿಗೂ ಓಡಿಹೋಗುವುದಿಲ್ಲ.

ಇನ್ನು ನಮ್ಮ ಕೆಲಸದ ವಿಷಯ. ಕೂಟದ ಸದಸ್ಯರಲ್ಲಿ ಹೆಚ್ಚಿನವರು ಈ ಊರಿಗೆ ಬಂದದ್ದು ಇನ್ಶೂರೆನ್ಸ್ ಕಂಪನಿಗಳ ಸಾಫ್ಟ್‌ವೇರ್ ಕೆಲಸಕ್ಕೆ. ಜೋಳದ ನಡುವೆ ಇಷ್ಟು ದೊಡ್ಡ ಇನ್ಶೂರೆನ್ಸ್ ಕಂಪನಿ ಯಾಕೆ ಬಂತು ಅಂತ ಯೋಚಿಸಿದ್ದೀರಾ? ಅದು ಎಲ್ಲಿಂದಲೂ ಬಂದದ್ದಲ್ಲ, ಇಲ್ಲೇ ಮೊಳೆತದ್ದು. ನಮ್ಮ ಪೂರ್ವಕ್ಕೆ ಮರ್ನಾ ಅಂತ ಪುಟ್ಟ ಊರಿದೆ. ಅಲ್ಲಿನ ರೈತ ಜಾರ್ಜ್ ಮೆಹರ್ಲ್. ಬೇಸಾಯ ಬಿಟ್ಟು ಇನ್ಶೂರೆನ್ಸ್ ಮಾರಲು ಹೋದ. ರೈತ ಕಾರು ಓಡಿಸುವುದು ಕಡಿಮೆ, ಅಪಘಾತವೂ ಕಡಿಮೆ, ಆದರೂ ಪಟ್ಟಣದವನಷ್ಟೇ ದುಡ್ಡು ಕಟ್ಟಬೇಕಲ್ಲ ಅನ್ನುವುದು ಅವನ ತಕರಾರು. 1922ರ ಜೂನ್ 7ರಂದು ಬ್ಲೂಮಿಂಗ್ಟನ್‌ನಲ್ಲಿ ಸ್ಟೇಟ್ ಫಾರ್ಮ್ ಎಂಬ ಇನ್ಶೂರೆನ್ಸ್ ಕಂಪನಿ ಶುರುಮಾಡಿದ. ಹೆಸರಿನಲ್ಲಿ ಫಾರ್ಮ್ ಇರುವುದು ಸುಮ್ನೆ ಅಲ್ಲ. ಇನ್ನೊಂದು ದೊಡ್ಡ ಇನ್ಶೂರೆನ್ಸ್ ಕಂಪನಿ ಕಂಟ್ರಿ ಫೈನಾನ್ಷಿಯಲ್ ಹುಟ್ಟಿದ್ದೂ ಇಲಿನಾಯ್ ರೈತರ ಸಂಘದಿಂದ, 1925ರಲ್ಲಿ. ಅಂದರೆ ನಮ್ಮ ಎಚ್-1ಬಿ ಕೆಲಸದ ವೀಸಾ, ನಮ್ಮ ಮಾರ್ಟ್‌ಗೇಜು, ಮಕ್ಕಳ ಭರತನಾಟ್ಯದ ಫೀಜು, ಈ ಪತ್ರಿಕೆ ಅಚ್ಚಾಗುವ ಖರ್ಚು ಎಲ್ಲವೂ ಹಿಂದಕ್ಕೆ ಹುಡುಕುತ್ತಾ ಹೋದರೆ ಟೈಲ್ ಹಾಕಿ ನೀರು ಬಸಿದ ಯಾವುದೋ ಹೊಲಕ್ಕೆ ಹೋಗಿ ಮುಟ್ಟುತ್ತವೆ.

ಈಗಿನ ರೈತನ ಬದುಕು ಹೊರಗಿನಿಂದ ಕಾಣುವಷ್ಟು ಸಲೀಸಲ್ಲ. ಒಳ್ಳೆಯ ನೆಲ ಎಕರೆಗೆ 10,000 ಡಾಲರ್‌ಗೂ ಮೇಲೆ. ಹಾಗಾಗಿ ಉಳುವವರು ತಮ್ಮ ಸ್ವಂತದ್ದಕ್ಕಿಂತ ಬೇರೆಯವರ ಜಮೀನನ್ನೇ ಹೆಚ್ಚು ಉಳುತ್ತಾರೆ. ಹಳೆಯ ಪದ್ಧತಿ ಅರ್ಧಂಬರ್ಧ ಪಾಲು: ಬೀಜ ಗೊಬ್ಬರದ ಖರ್ಚಲ್ಲೂ ಅರ್ಧ, ಬೆಳೆಯಲ್ಲೂ ಅರ್ಧ. ನಮ್ಮ ಕಡೆ ಕೋರಿಗೆ ಮಾಡುವುದು ಅನ್ನುತ್ತೇವಲ್ಲ, ಅದೇ. ಈಗ ಮುಂಗಡ ಗುತ್ತಿಗೆ ದುಡ್ಡು ಕೊಟ್ಟು ಮಾಡುವುದು ಜಾಸ್ತಿ. ಅಂದರೆ ಮಳೆ ಕೈಕೊಟ್ಟರೆ ಏಟು ಉಳುವವನಿಗೆ. ನಮ್ಮ ಪರಿಚಯದ ರೈತರೊಬ್ಬರ ಜಮೀನಿನ ಒಡತಿ ಅರಿಜೋನಾದಲ್ಲಿ ಇದ್ದಾರೆ. ಕ್ರಿಸ್‌ಮಸ್‌ಗೆ ಅವರಿಗೆ ತಪ್ಪದೆ ಒಂದು ಡಬ್ಬ ಫಂಕ್ಸ್ ಗ್ರೋವ್ ಪಾಕ ಕಳಿಸುತ್ತಾರಂತೆ. ಗುತ್ತಿಗೆ ಮುಂದುವರಿಯಬೇಕಲ್ಲ!

ಊರಿಂದ ಬಂದ ಅಪ್ಪ ಅಮ್ಮಂದಿರಿಗೆ ಆಗಸ್ಟ್‌ನಲ್ಲಿ ಈ ಹೊಲ ನೋಡಿ ಒಂದೇ ಆಸೆ. ನಾಲ್ಕು ತೆನೆ ಕಿತ್ತು ಕೆಂಡದಲ್ಲಿ ಸುಟ್ಟು, ಉಪ್ಪು ಖಾರ ನಿಂಬೆಹುಳಿ ಹಚ್ಚಿ ತಿನ್ನೋಣ ಅಂತ. ಬೇಡಿ ಅನ್ನಿ. ಅದು ಕಳ್ಳತನ ಅನ್ನುವುದು ಒಂದು. ಅದು ತಿನ್ನುವ ಸಿಹಿಜೋಳವೇ ಅಲ್ಲ ಅನ್ನುವುದು ಇನ್ನೊಂದು. ಗಟ್ಟಿ ಹಿಟ್ಟಿನ ಕಾಳು ಅದು. ಅಮೆರಿಕದ ಜೋಳದಲ್ಲಿ ಮೂರನೇ ಒಂದಕ್ಕೂ ಹೆಚ್ಚು ಪಾಲು ಎಥನಾಲ್ ಆಗಿ ಕಾರಿನ ಟ್ಯಾಂಕಿಗೆ ಹೋಗುತ್ತದೆ, ಹೆಚ್ಚುಕಡಿಮೆ ಅಷ್ಟೇ ದನ, ಹಂದಿ, ಕೋಳಿಗಳ ಮೇವಿಗೆ. ಇಲ್ಲಿನ ಜುಲೈ ಸೆಕೆಗೂ ಅದೇ ಜೋಳ ಪಾಲುದಾರ. ಒಂದು ಎಕರೆ ಬೆಳೆ ದಿನಕ್ಕೆ 3,000ದಿಂದ 4,000 ಗ್ಯಾಲನ್ ನೀರನ್ನು ಗಾಳಿಗೆ ಬಿಡುತ್ತದೆ. ಮಂಗಳೂರಿನವರು "ನಮ್ಮೂರಿನ ಹಾಗೇ ಇದೆ" ಅಂದರೆ ಸುಳ್ಳೇನಲ್ಲ.

ಇಷ್ಟೆಲ್ಲ ಹೊಗಳಿದ ಮೇಲೆ ಲೆಕ್ಕದ ಇನ್ನೊಂದು ಬದಿಯನ್ನೂ ಹೇಳಬೇಕು. ಟೈಲ್ ಬಾಯಲ್ಲಿ ಬೀಳುವ ಆ ತಿಳಿನೀರಿದೆಯಲ್ಲ, ಅದರಲ್ಲಿ ಕರಗಿದ ನೈಟ್ರೇಟ್ ಇರುತ್ತದೆ. ಹೊಲಕ್ಕೆ ಹಾಕಿದ ಸಾರಜನಕದಲ್ಲಿ ಗಿಡಕ್ಕೆ ದಕ್ಕದೆ ಉಳಿದದ್ದು. ಬ್ಲೂಮಿಂಗ್ಟನ್ ನಗರ ಕುಡಿಯುವುದು ಲೇಕ್ ಬ್ಲೂಮಿಂಗ್ಟನ್ ಮತ್ತು ಎವರ್‌ಗ್ರೀನ್ ಲೇಕ್ ನೀರು. ಎರಡಕ್ಕೂ ಸುತ್ತಲಿನ ಹೊಲಗಳಿಂದಲೇ ನೀರು ಬರಬೇಕು. ಕುಡಿಯುವ ನೀರಿನಲ್ಲಿ ನೈಟ್ರೇಟ್ ರೂಪದ ಸಾರಜನಕ ಲೀಟರಿಗೆ 10 ಮಿಲಿಗ್ರಾಂ ಮೀರಬಾರದು ಅನ್ನುವುದು ಕಾನೂನು. ಹಸುಗೂಸುಗಳಿಗೆ ಅದು ಅಪಾಯ. ವಸಂತದಲ್ಲಿ ಏರುವ ನೈಟ್ರೇಟನ್ನು ಹತೋಟಿಯಲ್ಲಿಡಲು ಒಂದು ಕೆರೆಯ ನೀರನ್ನು ಇನ್ನೊಂದರ ಜೊತೆ ಬೆರೆಸಿ ಕೊಡುವುದುಂಟು. ಕೆರೆ ದಾಟಿದ್ದು ಮ್ಯಾಕಿನಾ ನದಿ, ಇಲಿನಾಯ್ ನದಿ, ಮಿಸಿಸಿಪ್ಪಿ ಅಂತ ಹರಿದು ಮೆಕ್ಸಿಕೋ ಕೊಲ್ಲಿ ಸೇರುತ್ತದೆ. ಅಲ್ಲಿ ಪ್ರತಿ ಬೇಸಿಗೆ ಪಾಚಿ ಬೆಳೆದು ಕೊಳೆತು, ಉಸಿರಾಡಲು ಆಮ್ಲಜನಕ ಇಲ್ಲದೆ ಮೀನು ಸಿಗಡಿಗಳು ಜಾಗ ಖಾಲಿ ಮಾಡುತ್ತವೆ. ಲೆಕ್ಸಿಂಗ್ಟನ್ ಹತ್ತಿರದ ಒಂದು ಪ್ರಾಯೋಗಿಕ ಫಾರಂನಲ್ಲಿ ಟೈಲ್ ನೀರನ್ನು ಚಿಕ್ಕ ಜವುಗು ಹೊಂಡಗಳಿಗೆ ಬಿಟ್ಟು ನೈಟ್ರೇಟ್ ಇಳಿಸುವ ಕೆಲಸ ನಡೆದಿದೆ. ಬಸಿದು ಒಣಗಿಸಿದ ಜವುಗನ್ನೇ ಮತ್ತೆ ಸ್ವಲ್ಪ ಸ್ವಲ್ಪ ಕಟ್ಟಿಕೊಡುತ್ತಿದ್ದಾರೆ.

ಮಣ್ಣೂ ಹೋಗುತ್ತಿದೆ. 2025ರ ಮೇ 16 ನೆನಪಿದೆಯಾ? ಬಿತ್ತನೆ ಹೊತ್ತು, ಮಧ್ಯ ಇಲಿನಾಯ್‌ನ ಹೊಲಗಳೆಲ್ಲ ಬರಿ ಮೈ. ಎದ್ದ ಗಾಳಿಗೆ ಧೂಳಿನ ಗೋಡೆಯೇ ಎದ್ದು ಶಿಕಾಗೋ ತನಕ ಹೋಯಿತು. ಆ ನಗರಕ್ಕೆ ಹವಾಮಾನ ಇಲಾಖೆ ಧೂಳು ಬಿರುಗಾಳಿಯ ಎಚ್ಚರಿಕೆ ಕೊಡಬೇಕಾಯಿತು. ಇಲ್ಲಿ ನೋಡಲು ಏನಿದೆ ಅನ್ನುತ್ತಿದ್ದವರ ಕಿಟಕಿಗೆ ನಮ್ಮ ಹೊಲವೇ ಹೋಗಿ ತಟ್ಟಿತು.

ಆ ಹಳೆಯ ಹುಲ್ಲು ಎಲ್ಲಿ ಹೋಯಿತು ಅಂತ ಕೇಳಬಹುದು. ಇಲಿನಾಯ್‌ನಲ್ಲಿ ಒಂದು ಕಾಲಕ್ಕೆ ಎರಡು ಕೋಟಿ ಎಕರೆಗೂ ಹೆಚ್ಚು ಪ್ರೇರಿ, ಅಂದರೆ ಹುಲ್ಲುಬಯಲು, ಇತ್ತು. ಕೆಡದೆ ಉಳಿದಿರುವುದು ಎರಡೂವರೆ ಸಾವಿರ ಎಕರೆಯ ಆಸುಪಾಸು. ಅದೂ ರೈಲು ಹಳಿಯ ಪಕ್ಕ, ಸ್ಮಶಾನಗಳಲ್ಲಿ, ನೇಗಿಲು ಹೋಗದ ಜಾಗಗಳಲ್ಲಿ. ಅಂಥದೊಂದು ನಮ್ಮ ಕೌಂಟಿಯಲ್ಲೇ ಇದೆ, ಶೆನೋವಾದ ಪೂರ್ವಕ್ಕೆ ವೆಸ್ಟನ್ ಊರಿನ ಹಳೆಯ ಸ್ಮಶಾನ. ಬರೀ ಐದು ಎಕರೆ. ಸುತ್ತ ನಾಲ್ಕೂ ಕಡೆ ಗೆರೆ ಎಳೆದ ಹಾಗೆ ಜೋಳದ ಸಾಲು, ಮಧ್ಯೆ ಗೋರಿಗಳ ಜೊತೆ ಯಾರೂ ಬಿತ್ತದ ಹುಲ್ಲು, ಹೂವು. ಆಗಸ್ಟ್ ಕೊನೆಯಲ್ಲಿ ಹುಲ್ಲು ತೆನೆ ಬಿಟ್ಟು ತಲೆಮಟ್ಟಕ್ಕೆ ಬಂದಿರುತ್ತದೆ. ಹಬ್ಬ ಮುಗಿದ ಮೇಲೆ ಒಂದು ಶನಿವಾರ ಹೋಗಿ ಬನ್ನಿ. ಕಾಲುದಾರಿ ಬಿಟ್ಟು ತುಳಿಯಬೇಡಿ, ಹೂ ಕೀಳಬೇಡಿ, ಪೂಜೆಗೆ ಅಂತಲೂ ಬೇಡ.

ಹೋಗುವಾಗ ಒಂದು ಎಚ್ಚರಿಕೆ. ಕೌಂಟಿ ರಸ್ತೆಗಳು ಕೂಡುವ ಕಡೆ ಎಷ್ಟೋ ಜಾಗದಲ್ಲಿ ಸ್ಟಾಪ್ ಬೋರ್ಡೇ ಇರುವುದಿಲ್ಲ. ಈಗ ಜೋಳ ಎತ್ತರಕ್ಕೆ ನಿಂತಿದೆ, ಅಡ್ಡರಸ್ತೆಯಲ್ಲಿ ಬರುವ ವಾಹನ ಮೂಗಿನ ಹತ್ತಿರ ಬರುವ ತನಕ ಕಾಣುವುದಿಲ್ಲ. ಖಾಲಿ ರಸ್ತೆ ಅಂತ ಎಪ್ಪತ್ತು ಮೈಲಿ ವೇಗದಲ್ಲಿ ಹೊಡೆಯಬೇಡಿ. ಸೆಪ್ಟೆಂಬರ್ ಮಧ್ಯದಿಂದ ಕೊಯ್ಲು ಶುರು. ರಸ್ತೆಯ ಅಗಲವೆಲ್ಲ ತುಂಬಿಕೊಂಡು ಕಂಬೈನ್ ಎಂಬ ಕೊಯ್ಲು ಯಂತ್ರಗಳು ನಿಧಾನಕ್ಕೆ ಹೋಗುತ್ತಿರುತ್ತವೆ, ಹಿಂದೆ ಕಿತ್ತಳೆ ಬಣ್ಣದ ತ್ರಿಕೋನ ಇರುತ್ತದೆ. ಹಾರ್ನ್ ಹೊಡೆಯಬೇಡಿ. ಮುಂದೆ ಎಲ್ಲಾದರೂ ಹೊಲದ ಬಾಯಿ ಸಿಕ್ಕ ಕೂಡಲೇ ಅವರೇ ಪಕ್ಕಕ್ಕೆ ಸರಿದು ಎರಡು ಬೆರಳೆತ್ತಿ ದಾರಿ ಬಿಡುತ್ತಾರೆ. ನೀವೂ ಕೈಯೆತ್ತಿ ಮುಂದೆ ಹೋಗಿ.